ಮಕ್ ಅನ್ನೋ ದ್ವೀಪಕ್ಕೆ ಹೋಗಿಬಂದೆ, ಅಮ್ಮನಿಗೆ ಮಾತ್ರ ಹೇಳಿ ಮುಗಿಸೋಕಾಗಿಲ್ಲ

ಗೋಪಿ_ಗ್ಲಾಸ್ಗೋ:
ಎಲ್ಲರಿಗೂ ನಮಸ್ಕಾರ. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಮಕ್ ಅಂತ ಒಂದು ದ್ವೀಪ ಇದೆ. ಇಂಗ್ಲಿಷಿನಲ್ಲಿ ಮಕ್ ಅಂದ್ರೆ ಕೊಳೆ, ಕೆಸರು, ಕೊಟ್ಟಿಗೆ ಗೊಬ್ಬರ, ಯಾವುದು ಬೇಕಾದರೂ ಇಟ್ಕೊಳ್ಳಿ. ಮೇ ತಿಂಗಳಲ್ಲಿ ಎರಡು ದಿನ ಅಲ್ಲಿದ್ದು ಬಂದೆ. ಆಫೀಸಲ್ಲಿ ರಜೆ ಕೇಳಿದಾಗಲೇ ನಾಟಕ ಶುರುವಾಯ್ತು. ನಮ್ಮ ಮ್ಯಾನೇಜರ್ ದಕ್ಷಿಣ ಇಂಗ್ಲೆಂಡಿನವರು, ಈ ದ್ವೀಪದ ಹೆಸರೇ ಕೇಳಿರಲಿಲ್ಲ. "ಎಲ್ಲಿಗೆ?" ಅಂದ್ರು. "ಮಕ್" ಅಂದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಎಲ್ಲಾ ಸರಿ ಇದೆ ತಾನೆ?" ಅಂತ ಕೇಳಿದ್ರು.

ಅಸಲಿ ಕಥೆ ಅಮ್ಮನದು. ನಮ್ಮದು ಸಿದ್ದಾಪುರದ ಕಡೆ. ದ್ವೀಪದಲ್ಲಿ ದಿಣ್ಣೆ ಹತ್ತಿದಾಗ ಸಿಗ್ನಲ್ ಸಿಕ್ತು ಅಂತ ಫೋನ್ ಹಚ್ಚಿದೆ.
"ಎಲ್ಲಿದ್ದೆ ತಮಾ?"
"ಮಕ್ಕಿಗೆ ಬಂದಿದ್ದೆ ಆಯಿ."
"ಮಕ್ಕಿಗಾ? ಯಾರ ಮಕ್ಕಿಗೆ? ಈ ಬಿಸಿಲಲ್ಲಿ ಮಕ್ಕಿಲಿ ಎಂತ ಇದ್ದು?"

ಗೊತ್ತಿಲ್ಲದವರಿಗೆ: ನಮ್ಮ ಕಡೆ ಮಕ್ಕಿ ಅಂದ್ರೆ ಮಳೆನೀರನ್ನೇ ನಂಬಿರೋ ಮೇಲಿನ ಗದ್ದೆ. ಐದಾರು ಸಾವಿರ ಮೈಲಿ ದೂರದಲ್ಲಿ, ತಲೆಮೇಲೆ ಟೋಪಿ ನಿಲ್ಲದ ಗಾಳಿಯಲ್ಲಿ ನಿಂತು, ಇದು ಆ ಮಕ್ಕಿ ಅಲ್ಲ ಅಂತ ಹತ್ತು ನಿಮಿಷ ವಿವರಿಸಿದೆ. ಕೊನೆಗೆ ಅವಳು ಕೇಳಿದ್ದು ಒಂದೇ, "ಊಟ ಸಿಗ್ತಾ?"

ಹೆಸರಿನ ಬಗ್ಗೆ ಯಾರಿಗಾದ್ರೂ ಹೆಚ್ಚು ಗೊತ್ತಿದ್ರೆ ಹೇಳಿ. ಉಳಿದ ಕಥೆ ನಿಧಾನಕ್ಕೆ ಹಾಕ್ತೀನಿ.

ಬೆಂಗ್ಳೂರ್_ಬೋಂಡ:
ಗುರು, ಮ್ಯಾಪ್ ತೆಗೆದು ನೋಡಿದೆ. ಪಕ್ಕದಲ್ಲೇ ಎಗ್ ಅಂತ ಇನ್ನೊಂದು ದ್ವೀಪ. ಅದರ ಆಚೆ ರಮ್. ಇದೇನು ದ್ವೀಪಸಮೂಹನಾ, ಶನಿವಾರ ಸಂಜೆ ಬಿಲ್ಲಾ? ಒಂದು ರಮ್, ಒಂದು ಎಗ್, ಮಿಕ್ಕಿದ್ದು ಬೆಳಗ್ಗೆ ಎದ್ದು ಒರೆಸೋ ಮಕ್ಕು.

ಗೋಪಿ_ಗ್ಲಾಸ್ಗೋ:
😄 ಬೋಂಡ, ನಾಲ್ಕನೇದು ಬಿಟ್ಟೆ ನೀನು: ಕ್ಯಾನ. ನಾಲ್ಕನ್ನೂ ಸೇರಿಸಿ ಸ್ಮಾಲ್ ಐಲ್ಸ್ ಅಂತಾರೆ. ಮ್ಯಾಲೆಗ್ ಬಂದರಿನಿಂದ ಒಂದೇ ಹಡಗು ಇವಕ್ಕೆಲ್ಲ ಓಡಾಡುತ್ತೆ. ಎಗ್ ಉಚ್ಚಾರ ಮೊಟ್ಟೆಯದ್ದೇ ಆದರೂ ಹುಟ್ಟು ಬೇರೆ. ಸ್ಕಾಟ್ಲೆಂಡಿನ ಹಳೇ ಭಾಷೆ ಗೇಲಿಕ್‌ನಲ್ಲಿ ಕಚ್ಚು, ಬೆಟ್ಟದ ನಡುವಿನ ತಗ್ಗು ಅನ್ನೋ ಅರ್ಥದಿಂದ ಬಂತು ಅಂತಾರೆ. ಅಲ್ಲಿನ ಜನ 1997ರಲ್ಲಿ ಚಂದಾ ಎತ್ತಿ ದ್ವೀಪವನ್ನೇ ಜಮೀನ್ದಾರನಿಂದ ಕೊಂಡುಕೊಂಡ್ರು. ಹಾಗಾಗಿ ಮೊಟ್ಟೆ ಅಂತ ಹಗುರವಾಗಿ ಮಾತಾಡಬೇಡ.

ರಮ್ ಕಥೆ ಇನ್ನೂ ಮಜಾ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅದು ಬುಲ್ಲೋ ಅನ್ನೋ ಶ್ರೀಮಂತರ ಕೈಲಿತ್ತು. ಮಗ್ಗದ ಯಂತ್ರ ಮಾಡಿ ದುಡ್ಡು ಮಾಡಿದ ಮನೆತನ. ಜಾರ್ಜ್ ಬುಲ್ಲೋ ಅಲ್ಲಿ ಕಿನ್‌ಲಾಕ್ ಅಂತ ಕೋಟೆಯಂಥ ಬಂಗಲೆ ಕಟ್ಟಿಸಿದ. ಆದರೆ 'ರಮ್ ಒಡೆಯ' ಅನ್ನಿಸಿಕೊಳ್ಳೋದು ಹೇಗೆ? ಅದಕ್ಕೇ ಇಂಗ್ಲಿಷ್ ಕಾಗುಣಿತದಲ್ಲಿ ನಡುವೆ ಒಂದು 'ಎಚ್' ತುರುಕಿದ ಅಂತಾರೆ. ಓದೋದು ಹಾಗೇ, ಬರೆಯೋದು ಮಾತ್ರ ಮರ್ಯಾದಸ್ಥರ ಹಾಗೆ. ಆಮೇಲೆ ದ್ವೀಪ ಸರ್ಕಾರದ ಕೈಗೆ ಬಂತು, ಆ ಎಚ್ಚೂ ಉದುರಿಹೋಯ್ತು.

ನಿಘಂಟು_ನಾಣಿ:
ಗೋಪಿಯವರೇ, ಎಚ್ ತುರುಕುವ ಉಪಾಯ ಮಕ್ ದ್ವೀಪದ ಒಡೆಯನಿಗೆ ಹೊಳೆಯಲಿಲ್ಲ ನೋಡಿ. ಆತ ಇನ್ನೂ ಕಷ್ಟದ ದಾರಿ ಹಿಡಿದ. ಆ ಪ್ರಸಂಗ ನನಗೆ ಬಹಳ ಇಷ್ಟದ್ದು, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಇಂಗ್ಲಿಷ್ ನಿಘಂಟು ಬರೆದ ಸ್ಯಾಮ್ಯುಯೆಲ್ ಜಾನ್ಸನ್ 1773ರಲ್ಲಿ ತಮ್ಮ ಗೆಳೆಯ ಜೇಮ್ಸ್ ಬಾಸ್ವೆಲ್ ಜೊತೆ ಸ್ಕಾಟ್ಲೆಂಡಿನ ದ್ವೀಪಗಳನ್ನು ಸುತ್ತಿದರು, ಆಮೇಲೆ ಇಬ್ಬರೂ ಆ ಪ್ರವಾಸದ ಬಗ್ಗೆ ಬರೆದರು. ಸ್ಕೈ ದ್ವೀಪದ ಡನ್ವೇಗನ್ ಕೋಟೆಯಲ್ಲಿ ಇವರು ಅತಿಥಿಗಳಾಗಿ ಇದ್ದಾಗ ಇನ್ನೊಂದು ಜೋಡಿ ಬಂತು: ಮಕ್ ದ್ವೀಪದ ಒಡೆಯ ಮತ್ತು ಅವನ ಹೆಂಡತಿ.

ಈಗ ಅಲ್ಲಿಯ ರೂಢಿ ತಿಳಿಯಬೇಕು. ಒಂದು ಸೀಮೆಯಲ್ಲಿ ಇರುವವರಿಗೆಲ್ಲ ಒಂದೇ ಕುಲದ ಹೆಸರು. ಮ್ಯಾಕ್ಲೀನ್ ಎಂದು ಕೂಗಿದರೆ ಅರ್ಧ ಊರು ತಿರುಗಿ ನೋಡುತ್ತದೆ. ಆದ್ದರಿಂದ ಜಮೀನ್ದಾರರನ್ನು ಅವರ ಜಮೀನಿನ ಹೆಸರಿನಿಂದಲೇ ಕರೆಯುತ್ತಿದ್ದರು. ರಾಸೇ ದ್ವೀಪದವನು 'ರಾಸೇ', ಟ್ಯಾಲಿಸ್ಕರ್‌ನವನು 'ಟ್ಯಾಲಿಸ್ಕರ್'. ಆ ಲೆಕ್ಕಕ್ಕೆ ನಮ್ಮ ಅತಿಥಿ ಯಾರಾಗಬೇಕು? 'ಮಕ್'. "ಬನ್ನಿ ಮಕ್, ಕೂತ್ಕೊಳ್ಳಿ ಮಕ್, ಇನ್ನೊಂದು ಲೋಟ ವೈನ್ ತಗೊಳ್ಳಿ ಮಕ್."

ಪಾಪ, ಅವನಿಗೆ ಇದು ಒಗ್ಗಲಿಲ್ಲ. ದ್ವೀಪದ ನಿಜವಾದ ಹೆಸರು ಮಕ್ ಅಲ್ಲವೇ ಅಲ್ಲ, 'ಮಂಕ್' ಎಂದು ವಾದ ಹೂಡಿದ. ಮಂಕ್ ಎಂದರೆ ಸನ್ಯಾಸಿ. ಆ ಜಾಗ ಹಿಂದೆ ಅಯೋನಾ ಎಂಬ ದ್ವೀಪದ ಕ್ರೈಸ್ತ ಮಠಕ್ಕೆ ಸೇರಿತ್ತು, ಅಲ್ಲೊಬ್ಬ ತಪಸ್ವಿ ಇದ್ದ ಎಂಬ ಸಮರ್ಥನೆಯೂ ಇತ್ತು. ಪ್ರಯತ್ನ ಫಲಿಸಲಿಲ್ಲ ಎಂದು ಜಾನ್ಸನ್ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಕೊನೆಗೆ ರಾಜಿ ಹೇಗಾಯಿತೆಂದರೆ, ಆತನನ್ನು ಎಲ್ಲರೂ 'ಐಲ್ ಆಫ್ ಮಕ್' ಎಂದು ಪೂರ್ತಿಯಾಗಿ ಕರೆಯತೊಡಗಿದರು. ಅಂದರೆ ಮನುಷ್ಯನನ್ನು 'ಮಕ್ ದ್ವೀಪವೇ, ಇತ್ತ ಬನ್ನಿ' ಎಂದಂತೆ. ಕೊಳೆ ಎನ್ನುವುದಕ್ಕಿಂತ ಕೊಳೆಯ ದ್ವೀಪ ಎನ್ನುವುದು ಅದು ಹೇಗೆ ಗೌರವವೋ, ಆ ಕೋಟೆಯಲ್ಲಿ ಕೂತಿದ್ದವರಿಗೇ ಗೊತ್ತು.

ಬೆಂಗ್ಳೂರ್_ಬೋಂಡ:
ನಾಣಿ ಸಾರ್, ಮಕ್ ಬೇಡ ಅಂತ ಮಂಕ್ ಅಂತಿಟ್ಕೊಂಡ್ನಾ? ಕನ್ನಡದಲ್ಲಿ ಇನ್ನೂ ಕೆಟ್ಟೋಯ್ತಲ್ಲ. ಕೊಳೆಯಾದ್ರೆ ತೊಳೀಬೋದು. ಮಂಕಿಗೆ ಏನ್ ಮಾಡೋದು?

ಶಾರದಕ್ಕ_ಧಾರವಾಡ:
ಅಯ್ಯ, ಇಷ್ಟಕ್ಕ ಅಷ್ಟ್ಯಾಕ ನಾಚ್ಕೊಂಡ್ನೋ ಆ ಮನಷ್ಯಾ. ನಮ್ಮ ಕಡೆ ಬಂದಿದ್ರ ಅಂವಗ ಯಾರೂ ತಿರಗಿ ಸೈತ ನೋಡ್ತಿದ್ದಿಲ್ಲ. ನಮ್ಮಲ್ಲಿ ಊರ ಹೆಸರ ಅಡ್ಡಹೆಸರು, ಅದು ಬಿಟ್ರ ಮಾರೋ ಸಾಮಾನಿನ ಹೆಸರು. ನನ್ನ ಕ್ಲಾಸಿನ್ಯಾಗ ಒಬ್ಬಾಕಿ ಮೆಣಸಿನಕಾಯಿ, ಒಬ್ಬಾಂವ ಉಳ್ಳಾಗಡ್ಡಿ, ಇನ್ನೊಬ್ಬಾಂವ ಬೆಲ್ಲದ ಇದ್ರು. ಮಾಸ್ತರು ಹಾಜರಿ ತಗೊಳ್ಳೋದು ಕೇಳಿದ್ರ ಸಂತ್ಯಾಗ ನಿಂತಂಗಾಗ್ತಿತ್ತು. ಒಬ್ಬರೂ ಹೆಸರು ಬದಲಿ ಮಾಡ್ಕೊಂಡಿಲ್ಲ. ಎಲ್ಲಾರೂ ಛಲೋ ನೌಕರಿ ಮಾಡ್ಯಾರ.

ನಾಣಿಯವರ, ಒಂದು ಕೇಳ್ಲೇನ್ರಿ? ಮಕ್ ಅಂದ್ರ ಅವರ ಭಾಷಾದಾಗ ಖರೇನ ಏನು?

ನಿಘಂಟು_ನಾಣಿ:
ಹಂದಿ, ಶಾರದಕ್ಕ. ಗೇಲಿಕ್ ಭಾಷೆಯಲ್ಲಿ 'ಮುಕ್' ಎಂದರೆ ಹಂದಿ, ದ್ವೀಪದ ಪೂರ್ತಿ ಹೆಸರು 'ಎಲಾನ್ ನಮ್ ಮುಕ್', ಅಂದರೆ ಹಂದಿಗಳ ದ್ವೀಪ. 'ಕ್' ಹಿಂದೆ ಸಣ್ಣಗೆ ಉಸಿರು ಬಿಡುತ್ತಾರೆ, 'ಮುಹ್ಕ್' ಎಂಬಂತೆ. ಹದಿನಾರನೇ ಶತಮಾನದ ಇತಿಹಾಸಕಾರ ಜಾರ್ಜ್ ಬ್ಯುಕನನ್ ಲ್ಯಾಟಿನ್‌ನಲ್ಲಿ ಬರೆಯುವಾಗಲೂ 'ಹಂದಿಗಳ ದ್ವೀಪ' ಎಂದೇ ಬರೆದಿದ್ದಾನೆ. ಗೇಲಿಕ್ ಕಿವಿಗೆ ಇದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಇಂಗ್ಲಿಷರ ಬಾಯಿಗೆ ಬಿದ್ದಾಗ ಹಂದಿ ಹೋಗಿ ಸಗಣಿ ಉಳಿಯಿತು, ಅಷ್ಟೇ.

ಶಾರದಕ್ಕ_ಧಾರವಾಡ:
ಹಂಗಾರ ಆ ಒಡೆಯಗ ಸುಖ ಇಲ್ಲ ಬಿಡ್ರಿ. ಇಂಗ್ಲಿಷಿನ್ಯಾಗ ಹೊಲಸು, ಗೇಲಿಕ್‌ನ್ಯಾಗ ಹಂದಿ, ಕನ್ನಡದಾಗ ಮಂಕು.

ಪಡುಕಡಲು:
ಸ್ವಲ್ಪ ತಡೀರಿ ಮಾರಾಯ್ರೆ. ಹಂದಿ ಅಂದ ಕೂಡಲೇ ಕೆಸರಲ್ಲಿ ಹೊರಳುವ ಹಂದಿಯೇ ಯಾಕೆ? ಕಡಲ ಹತ್ತಿರದವರನ್ನು ಕೇಳಿ. ನಮ್ಮಲ್ಲಿ ಕಡಲಹಂದಿ ಅಂತ ಮಾತು ಉಂಟು, ಡಾಲ್ಫಿನ್ ಹಾಗೆ ಕಾಣುವ ಪೋರ್ಪಾಯ್ಸ್‌ಗೆ. ಅದು ನೀರಿನಿಂದ ಬೆನ್ನು ಎತ್ತಿ ಮುಳುಗುವುದು ನೋಡಿದವರಿಗೆ ಆ ಹೆಸರು ಯಾಕೆ ಅಂತ ಯಾರೂ ಹೇಳಬೇಕಾಗಿಲ್ಲ. ಗೇಲಿಕ್‌ನವರಿಗೂ ಹೀಗೆಯೇ ಏನಾದರೂ ಉಂಟಾ?

ನಿಘಂಟು_ನಾಣಿ:
ಪಡುಕಡಲು, ಸರಿಯಾದ ಜಾಗಕ್ಕೇ ಗಾಳ ಹಾಕಿದಿರಿ. ಗೇಲಿಕ್‌ನಲ್ಲಿ ತಿಮಿಂಗಿಲಕ್ಕೆ 'ಮುಕ್ ವಾರ' ಎನ್ನುತ್ತಾರೆ, ಪದಶಃ 'ಕಡಲ ಹಂದಿ'. ಆದ್ದರಿಂದ ಇದು ತಿಮಿಂಗಿಲಗಳ ದ್ವೀಪವೇ ಇರಬಹುದು ಎಂಬ ವಾದವೂ ಇದೆ. ಆ ಕಡಲಿನಲ್ಲಿ ಮಿಂಕಿ ತಿಮಿಂಗಿಲ, ಪೋರ್ಪಾಯ್ಸ್ ಎರಡೂ ಇವೆ. ಇನ್ನು ಪೋರ್ಪಾಯ್ಸ್ ಎಂಬ ಇಂಗ್ಲಿಷ್ ಮಾತನ್ನೇ ಬಿಡಿಸಿ ನೋಡಿ. ಹಳೆಯ ಫ್ರೆಂಚ್ ಮೂಲಕ ಲ್ಯಾಟಿನ್‌ನಿಂದ ಬಂದದ್ದು, ಅರ್ಥ 'ಹಂದಿಮೀನು'. ಒಬ್ಬರನ್ನೊಬ್ಬರು ಕಾಣದ ಮೂರು ಕಡಲಿನ ಜನ ಒಂದೇ ಪ್ರಾಣಿಯನ್ನು ನೋಡಿ ಹಂದಿ ಎಂದರು. ತಪ್ಪು ಪ್ರಾಣಿಯದೇ ಇರಬೇಕು.

ಪಡುಕಡಲು:
ಅಷ್ಟೇ ಬೇಕಿತ್ತು ನನಗೆ. ಆ ಒಡೆಯ ಮಂಕ್ ಅಂತ ಹಠ ಹಿಡಿಯುವ ಬದಲು 'ನಾನು ತಿಮಿಂಗಿಲ' ಅಂತ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಮತ್ತೆ ಹಂದಿ ಅಂತ ಊರಿಗೆ ಹೆಸರಿದ್ದರೆ ಏನೂ ಮುಳುಗಿಹೋಗುವುದಿಲ್ಲ. ಕುಮಟಾ ಹತ್ತಿರ ಹಂದಿಗೋಣ ಉಂಟು. ಅಲ್ಲಿಯವರು ಹೆಸರು ಹೇಳಲಿಕ್ಕೆ ನಾಚಿದ್ದು ನಾನು ನೋಡಲಿಲ್ಲ.

ಲೆಕ್ಕದ_ಮೇಷ್ಟ್ರು:
ಜಾನ್ಸನ್ ಬರೆದದ್ದನ್ನ ನಾನೂ ತೆಗೆದು ನೋಡಿದೆ. ದ್ವೀಪ ಎರಡು ಮೈಲಿ ಉದ್ದ, ಮುಕ್ಕಾಲು ಮೈಲಿ ಅಗಲ, "ಆದ್ದರಿಂದ" 960 ಎಕರೆ ಅಂತ ಕೊಟ್ಟಿದಾರೆ. ಎರಡು ಗುಣಿಸು ಮುಕ್ಕಾಲು ಒಂದೂವರೆ ಚದರ ಮೈಲಿ, ಮೈಲಿಗೆ 640 ಎಕರೆ, 960 ಸರಿ. ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ದ್ವೀಪ ಅಂದ್ರೆ ಚಾಪೆ ಅಲ್ಲವಲ್ಲ. ನಿಜವಾದ ವಿಸ್ತೀರ್ಣ ಸುಮಾರು 560 ಹೆಕ್ಟೇರು, ಎಕರೆ ಲೆಕ್ಕದಲ್ಲಿ 1,380ರ ಹತ್ತಿರ. ಊಟದ ಮೇಜಿನಲ್ಲಿ ಕೂತು ಸರ್ವೆ ಮಾಡಿದರೆ ನಾನೂರು ಎಕರೆ ಹೀಗೆ ಸಮುದ್ರಪಾಲಾಗುತ್ತೆ. ಇಷ್ಟಾಗಿ ಅವರಿಬ್ಬರೂ ಮಕ್ ಮೇಲೆ ಕಾಲೇ ಇಟ್ಟಿಲ್ಲ! ಒಡೆಯ ಇಲ್ಲೇ ಇದ್ದಾನೆ, ಅವನಿಲ್ಲದ ಮನೆಗೆ ಹೋಗೋದು ಹೇಗೆ ಅಂತ ಬಿಟ್ಟರು.

ಇನ್ನೂ ಒಂದು. ಅದೇ ಒಡೆಯನ ಬಾಯಿಂದ ಕೇಳಿ ಜಾನ್ಸನ್ ಬರೆದ ಜನಸಂಖ್ಯೆ 160. ಬಾಸ್ವೆಲ್ ಬರೆದದ್ದು ಏಳು ಇಪ್ಪತ್ತು, ಅಂದ್ರೆ 140. ಒಂದೇ ಮನೆಯ ಅತಿಥಿಗಳು, ಅದೇ ಒಡೆಯ, ಇಪ್ಪತ್ತು ಜನ ಎಲ್ಲಿ ಹೋದರು?

ಬೆಂಗ್ಳೂರ್_ಬೋಂಡ:
ಮೇಷ್ಟ್ರೇ, ಉತ್ತರ ನಿಮ್ಮ ಮೊದಲ್ನೇ ಸಾಲಲ್ಲೇ ಇದೆ. ಮುಕ್ಕಾಲು ಮೈಲಿ ಅಗಲ, ಅದಕ್ಕೇ ಮುಕ್ಕು. ಒಂದು ಮೈಲಿ ಪೂರ್ತಿ ಇದ್ದಿದ್ರೆ ಬೇರೆ ಹೆಸರು ಬರ್ತಿತ್ತು.

ಲೆಕ್ಕದ_ಮೇಷ್ಟ್ರು:
ಹೊರಗೆ ಹೋಗಿ ಬೆಂಚ್ ಮೇಲೆ ನಿಲ್ಲು.

ಶಾರದಕ್ಕ_ಧಾರವಾಡ:
ಮೇಷ್ಟ್ರ, ನೀವು ಹೇಳಿದ ಪುಟ ನಾನೂ ಓದಿದೆ, ನನಗ ಬ್ಯಾರೇನ ಕಂಡ್ತು. ಆ ದ್ವೀಪದಾಗ ಸಿಂಪಿಗ್ಯಾ ಇರ್ಲಿಲ್ಲಂತ. ವರ್ಷಕ್ಕ ಆರು ಸಲ ಹೊರಗಿಂದ ಒಬ್ಬ ಟೇಲರ್ ಬರ್ತಿದ್ನಂತ. ಜಾನ್ಸನ್ನಗ ಇದು ಭಾಳ ಕೊರತಿ ಅನಿಸೇದ, ಪಾಪ. ನಮ್ಮ ಟೇಲರ್ ಎರಡು ಓಣಿ ಆಚೆ ಇದ್ದಾನ. ಒಂದು ಜಂಪರ್ ಹೊಲಿಯಾಕ ಕೊಟ್ಟು ಮದವಿ ಮುಗಿದು ತೊಟ್ಟಲಾತು, ಇನ್ನೂ ಕಾಜಾ ಗುಂಡಿ ಬಾಕಿ ಐತಿ ಅಂತಾನ. ವರ್ಷಕ್ಕ ಆರು ಸಲ ಮನಿಗೆ ಬರೋ ಟೇಲರ್ ಸಿಕ್ರ ನಾನೂ ಆ ಹಂದಿ ದ್ವೀಪಕ್ಕ ಹೋಗಿ ಇರ್ತೀನಿ.

ಕಮ್ಮಾರ ಬೇಕಾದ್ರ ಎಗ್ ದ್ವೀಪದಿಂದ ಕರಸ್ತಿದ್ರಂತ. ಆದ್ರ ಒಂದು ಮಾತು ಆ ಒಡೆಯನ ಪರವಾಗಿ ಹೇಳಬೇಕ್ರಿ. ಸಿಡುಬು ಬರ್ತದಂತ ಹೇಳಿ, ವೈದ್ಯನ್ನ ಕರೆಸಿ 80 ಮಂದಿಗೆ ಸಿಡುಬಿನ ಚುಚ್ಚು ಹಾಕಿಸ್ಯಾನ, ಹೆಚ್ಚು ಹುಡುಗರಿಗೇ. ತಲಿಗೆ ಎರಡೂವರೆ ಶಿಲ್ಲಿಂಗ್. ಹೆಸರಿನ ಹುಚ್ಚು ಇದ್ರ ಇರ್ಲಿ, ಮನಷ್ಯಾ ಕೆಟ್ಟಾಂವ ಅಲ್ಲ.

ಲೆಕ್ಕದ_ಮೇಷ್ಟ್ರು:
80 ತಲೆಗೆ 200 ಶಿಲ್ಲಿಂಗ್, ಅಂದ್ರೆ 10 ಪೌಂಡ್. ಇದು 1772ರ ಸುಮಾರಿಗೆ. ಜೆನ್ನರ್ ಅನ್ನೋ ಇಂಗ್ಲಿಷ್ ಡಾಕ್ಟರು ದನದ ಸಿಡುಬಿನ ಲಸಿಕೆ ಹಾಕಿ ನೋಡಿದ್ದು 1796ರಲ್ಲಿ. ಹಾಗಾಗಿ ಇದು ಲಸಿಕೆ ಅಲ್ಲ, ರೋಗಿಯ ಬೊಕ್ಕೆಯ ಕೀವನ್ನೇ ತೆಗೆದು ಚರ್ಮಕ್ಕೆ ಗೀರಿ ಹಾಕೋ ಹಳೇ ಪದ್ಧತಿ. ಅಪಾಯ ಇತ್ತು, ಆದರೂ ಸುಮ್ಮನೆ ಸಿಡುಬಿಗೆ ಸಿಕ್ಕೋದಕ್ಕಿಂತ ವಾಸಿ. ಶಾರದಮ್ಮನವರ ಮಾತು ಒಪ್ಪಿದೆ.

ಗೋಪಿ_ಗ್ಲಾಸ್ಗೋ:
ಎರಡು ದಿನ ಬಿಟ್ಟು ಬಂದರೆ ನೀವೆಲ್ಲ ನನಗಿಂತ ಮೊದಲು ದ್ವೀಪ ಸುತ್ತಿ ಮುಗಿಸಿದ್ದೀರಿ. ಸರಿ, ಕಣ್ಣಾರೆ ಕಂಡದ್ದು ನನ್ನ ಪಾಲಿಗೆ ಇರಲಿ.

ಗ್ಲಾಸ್ಗೋದಿಂದ ಮ್ಯಾಲೆಗ್‌ವರೆಗೆ ರೈಲು, ಐದು ತಾಸು ಮೇಲೆ. ಗ್ಲೆನ್‌ಫಿನ್ನನ್ ಕಮಾನು ಸೇತುವೆ ಬಂದಾಗ ಬೋಗಿಯ ಜನವೆಲ್ಲ ಒಂದೇ ಕಡೆಗೆ ಕಿಟಕಿಗೆ ಬೀಳ್ತಾರೆ, ರೈಲು ವಾಲುತ್ತೇನೋ ಅಂತ ನನಗೆ ಭಯ. ಮ್ಯಾಲೆಗ್‌ನಲ್ಲಿ ಒಂದು ರಾತ್ರಿ ಉಳಿದು ಬೆಳಗ್ಗೆ ಹಡಗು. ಕಟ್ಟೆ ಮೇಲೆ ಸಾಮಾನಿನ ಗುಡ್ಡೆ: ಬ್ರೆಡ್ಡಿನ ಟ್ರೇ, ಗ್ಯಾಸ್ ಸಿಲಿಂಡರ್, ಯಾರದ್ದೋ ಹೊಸ ಹಾಸಿಗೆ, ಮೇವಿನ ಚೀಲ. ಎಲ್ಲದರ ಮೇಲೂ ಯಾವ ದ್ವೀಪಕ್ಕೆ ಹೋಗಬೇಕು ಅಂತ ದಪ್ಪ ಮಾರ್ಕರಿನಲ್ಲಿ ಬರೆದಿದ್ರು. ಒಂದು ದೊಡ್ಡ ಚೀಲದ ಮೇಲೆ 'ಮಕ್' ಅಂತಿತ್ತು. ಅದರ ಪಕ್ಕ ನಿಂತಿದ್ದ ಪ್ರವಾಸಿ ಹೆಂಗಸು ಮೆಲ್ಲಗೆ ಎರಡು ಹೆಜ್ಜೆ ಸರಿದ್ರು, ಮೂಗಿಗೆ ಕರವಸ್ತ್ರ ಹಿಡಿದು. ಒಳಗಿದ್ದದ್ದು ಆಲೂಗಡ್ಡೆ. ಚೀಲದ ಬಾಯಲ್ಲಿ ಒಂದು ಇಣುಕ್ತಾ ಇತ್ತು.

ಹಡಗಿನಿಂದ ಮಕ್ ಕಾಣಿಸಿದಾಗ ಬಾಸ್ವೆಲ್ ಮಾತು ನೆನಪಾಯ್ತು. ಅದರ ಆಕಾರ ನೋಡಿಯೇ ಹಂದಿ ಅಂತ ಹೆಸರು ಬಂತು ಅಂತ ಅವನು ಬರೆದಿದ್ದಾನಲ್ಲ. ಪಶ್ಚಿಮದ ಕಡೆ ಬೆನ್ ಏರಿನ್ ಅಂತ ಒಂದೇ ಗುಡ್ಡ, 137 ಮೀಟರ್. ಉಳಿದದ್ದೆಲ್ಲ ತಗ್ಗು. ಎಷ್ಟು ತಲೆ ಓರೆ ಮಾಡಿ ನೋಡಿದರೂ ನನಗೆ ಹಂದಿ ಕಾಣಲಿಲ್ಲ. ಕೆರೆಯಲ್ಲಿ ಮೂಗಿನ ಮಟ್ಟಕ್ಕೆ ಕೂತ ಎಮ್ಮೆ ಕಾಣಿಸ್ತು. ಅವರವರ ಊರಲ್ಲಿ ಯಾವುದಿದೆಯೋ ಅದೇ ಕಾಣುತ್ತೆ ಅಂತ ಇಟ್ಕೊಳ್ಳಿ.

ದ್ವೀಪದ ಮೇಲೆ ಎರಡು ದಿನದಲ್ಲಿ ಒಂದೂ ಹಂದಿ ಕಣ್ಣಿಗೆ ಬೀಳಲಿಲ್ಲ. ಕುರಿ, ದನ, ಅಷ್ಟೇ. ಪಕ್ಕದಲ್ಲಿ ಅಂಟಿಕೊಂಡ ಹಾಗೆ ಎರಡು ಮರಿದ್ವೀಪ ಇವೆ. ಒಂದರ ಹೆಸರು ಕುದುರೆಗಳ ದ್ವೀಪ, ಇನ್ನೊಂದರ ಹೆಸರಲ್ಲಿ ಕುರಿಮರಿ. ಕಡಲು ಚೆನ್ನಾಗಿ ಇಳಿದಾಗ ಕುದುರೆ ದ್ವೀಪಕ್ಕೆ ಕಲ್ಲು ದಾಟಿ ನಡೆದೇ ಹೋಗಬಹುದು. ಅಲ್ಲಿ ಕುದುರೆಯೂ ಇಲ್ಲ.

ಬೆಂಗ್ಳೂರ್_ಬೋಂಡ:
ಹಂದಿ, ಕುದುರೆ, ಕುರಿಮರಿ, ಮೊಟ್ಟೆ. ಗೋಪಿ, ನೀನು ಹೋಗಿದ್ದು ದ್ವೀಪಕ್ಕಲ್ಲ, ಕೊಟ್ಟಿಗೆಗೆ. ಅಮ್ಮ ಹೇಳಿದ್ದೇ ಸರಿ.

ಲೆಕ್ಕದ_ಮೇಷ್ಟ್ರು:
ಜಾನ್ಸನ್ ಅದನ್ನೂ ಬಿಟ್ಟಿಲ್ಲ. ಮಕ್ ಎಷ್ಟೇ ಚಿಕ್ಕದಾದರೂ ಅದಕ್ಕೂ ಅಧೀನ ದ್ವೀಪಗಳಿವೆ, ಅದರಲ್ಲೊಂದರ ಹುಲ್ಲು ಮೂರೇ ಮೂರು ಟಗರಿಗೆ ಸಾಕು ಅಂತ ಬರೆದಿದ್ದಾರೆ. ಕಾಲಿಡದ ದ್ವೀಪದಲ್ಲಿ ಟಗರು ಲೆಕ್ಕ ಹಾಕಿದ ಮಹಾನುಭಾವರು.

ಮಂಡ್ಯ_ಮಂಜ:
ಅಣ್ಣ ಇಂಥವು ಸ್ಕಾಟ್‌ಲೆಂಡಲ್ ಬೇಜಾನ್ ಅವೆ. ಡಲ್ ಅಂತ ಒಂದೂರೈತೆ, ಅಮೇರಿಕದ ಬೋರಿಂಗ್ ಅನ್ನೋ ಊರ್ ಜೊತೆ ನೆಂಟಸ್ತಿಕೆ ಮಾಡ್ಕಂಡವ್ರೆ. ತಮಾಸೆ ಅಲ್ಲ, ನಿಜ.

ಮೇಲ್ವಿಚಾರಕ:
ಮಂಜ, ಡಲ್ ಇರೋದು ಪರ್ತ್‌ಶೈರ್‌ನ ಒಳನಾಡಲ್ಲಿ. ಕಡಲಿಗೂ ಅದಕ್ಕೂ ಸಂಬಂಧ ಇಲ್ಲ. ವಿಷಯ ಕರಾವಳಿ.

ಮಂಡ್ಯ_ಮಂಜ:
ಕಡ್ಲು ಬೇಕಾ? ತಗಳಿ. ಉತ್ತರದ ತುದೀಲಿ ಟಂಗ್ ಅಂತೈತೆ. ನಾಲ್ಗೆ. ಪಕ್ಕದ್ ನೀರ್ಗೆ ಕೈಲ್ ಆಫ್ ಟಂಗ್ ಅಂತಾರೆ. ಇನ್ನು ಆರ್ಕ್ನಿ, ಶೆಟ್ಲೆಂಡ್ ಎರಡ್ ಕಡೇನೂ ಒಂದೂರೈತೆ, ಅದರ ಹೆಸರು ಟ್ವ...

ಮೇಲ್ವಿಚಾರಕ:
ಅಲ್ಲಿಗೇ ನಿಲ್ಲಿಸು. ಇಲ್ಲಿ ಮನೆಮಂದಿ ಓದ್ತಾರೆ.

ನಿಘಂಟು_ನಾಣಿ:
ಮೇಲ್ವಿಚಾರಕರು ಗಾಬರಿಯಾಗುವುದು ಬೇಡ. ಮಂಜ ಅರ್ಧಕ್ಕೆ ನಿಲ್ಲಿಸಿದ ಹೆಸರು ಇಂಗ್ಲಿಷಿನಲ್ಲಿ ಬೈಗುಳದಂತೆ ಕೇಳಿದರೂ ಮೂಲ ಹಳೆಯ ನಾರ್ಸ್ ಭಾಷೆಯದು. ಆ ದ್ವೀಪಗಳನ್ನು ಶತಮಾನಗಳ ಕಾಲ ಆಳಿದವರು ವೈಕಿಂಗರ ಮಕ್ಕಳು ಮೊಮ್ಮಕ್ಕಳು. ಅವರ ಮಾತಿನಲ್ಲಿ ಅದರ ಅರ್ಥ ಬೇಸಾಯಕ್ಕೆಂದು ಬಿಡಿಸಿಕೊಂಡ ತುಂಡು ನೆಲ. ನಾಲಿಗೆಯೂ ಹಾಗೆಯೇ, ನೀರಿನೊಳಕ್ಕೆ ಚಾಚಿದ ನೆಲವನ್ನು ನಾರ್ಸ್ ಜನ 'ತುಂಗ' ಎಂದರು, ಇಂಗ್ಲಿಷಿನ ಟಂಗ್ ಅದರ ದಾಯಾದಿ. ಅಲ್ಲಿ ಮಾತ್ರ ಕೇಳುವ ಅರ್ಥವೇ ನಿಜವಾದ ಅರ್ಥ.

ಪಡುಕಡಲು:
ತುಂಡು ನೆಲ ಅಂದರೆ ಗೋಪಿಯ ಅಮ್ಮ ಹೇಳಿದ ಮಕ್ಕಿಯೇ ಆಯಿತಲ್ಲ! ಅವರು ದ್ವೀಪ ಒಂದು ತಪ್ಪಿದ್ದು, ವಿಷಯ ತಪ್ಪಲಿಲ್ಲ.

ಶಾರದಕ್ಕ_ಧಾರವಾಡ:
ಗೋಪಿ, ತಮಾಷಿ ಸಾಕು. ಆವಾಗ 160 ಮಂದಿ ಇದ್ರು ಅಂತ ಮೇಷ್ಟ್ರು ಹೇಳಿದ್ರಲ್ಲ, ಈಗೆಷ್ಟದಾರ? ಹೆಂಗ ಬದುಕ್ತಾರ ಅಲ್ಲಿ?

ಗೋಪಿ_ಗ್ಲಾಸ್ಗೋ:
ಅಕ್ಕಾ, 2011ರ ಜನಗಣತಿಯಲ್ಲಿ 27. ನಾನು ಹೋದಾಗ ಕೈಬೆರಳು ಮಡಚಿ ಎಣಿಸೋ ಅಷ್ಟೇ ಮುಖ ಕಂಡೆ. ಸಂಜೆಯೊಳಗೆ ಅರ್ಧ ಜನ ನನ್ನನ್ನ ನೋಡಿ ಕೈಬೀಸೋ ಹಾಗಾಗಿದ್ರು.

ಪೋರ್ಟ್ ಮೋರ್ ಅಂತ ಹಡಗು ನಿಲ್ಲೋ ಊರು. ಅದರ ಮೇಲಿನ ದಿಣ್ಣೆಯಲ್ಲಿ ಹಳೇ ಹಳ್ಳಿಯೊಂದರ ಪಾಳು ಇದೆ, ಅ ಹಿಲ್ಯ ಅಂತಾರೆ. ಅಮ್ಮನಿಗೆ ಫೋನ್ ಮಾಡಿದ್ದು ಅಲ್ಲಿಂದಲೇ, ಆಮೇಲೇ ಅದು ಏನು ಅಂತ ಗೊತ್ತಾದದ್ದು. ಮೊಣಕಾಲೆತ್ತರದ ಕಲ್ಲಿನ ಗೋಡೆ, ಒಳಗೆಲ್ಲ ಹುಲ್ಲು. ಮನೆಗಳ ಮೂಲೆ ಚೂಪಾಗಿಲ್ಲ, ದುಂಡಗೆ ತಿರುಗಿಸಿ ಕಟ್ಟಿದ್ದಾರೆ, ಗಾಳಿಗೆ ಇರಬೇಕು. ಒಂದು ಮನೆಯ ಬಾಗಿಲಿದ್ದ ಜಾಗದಲ್ಲಿ ಕುರಿಯೊಂದು ಅಡ್ಡ ಮಲಗಿತ್ತು, ನಾನು ಹೋದರೂ ಏಳಲಿಲ್ಲ.

ಆ ಕಾಲದಲ್ಲಿ ಈ ಜನಕ್ಕೆ ಹೊಲದ ಜೊತೆ ಕೆಲ್ಪ್ ಅಂತ ಇನ್ನೊಂದು ಕಸುಬಿತ್ತು. ಕಡಲ ಪಾಚಿ ಕೂಡಿಸಿ, ಒಣಗಿಸಿ, ಸುಟ್ಟು, ಬೂದಿ ಮಾರೋದು. ಗಾಜಿಗೆ, ಸಾಬೂನಿಗೆ ಬೇಕಿತ್ತು. ನೆಪೋಲಿಯನ್ ಯುದ್ಧ ನಡೀತಿದ್ದಾಗ ಹೊರಗಿನ ಮಾಲು ಬರದೆ ಒಳ್ಳೇ ಬೆಲೆ. ಯುದ್ಧ ಮುಗೀತು, ಬೆಲೆ ಬಿತ್ತು. ಇಷ್ಟು ಜನ ಇಟ್ಕೊಂಡು ಒಡೆಯನಿಗೆ ಲಾಭ ಇಲ್ಲ ಅನ್ನಿಸಿತು. 1828ರಲ್ಲಿ ಸುಮಾರು 150 ಜನರನ್ನ ಹಡಗು ಹತ್ತಿಸಿ ಕೆನಡಾದ ನೋವಾ ಸ್ಕೋಷಿಯಾಕ್ಕೆ ಕಳಿಸಿದ್ರು. ಅದಕ್ಕೆ ಎರಡು ವರ್ಷ ಮೊದಲು ರಮ್ ದ್ವೀಪದಲ್ಲೂ ಇದೇ ಆಗಿತ್ತು. ಜನ ಹೋದ ಜಾಗಕ್ಕೆ ಕುರಿ ಬಂತು.

ಶಾರದಕ್ಕ_ಧಾರವಾಡ:
ಸಿಡುಬಿನಿಂದ ಉಳಿಸಿದ ಹುಡುಗರ ಮಕ್ಕಳು ಮೊಮ್ಮಕ್ಕಳನ್ನೇ ಹಡಗ ಹತ್ತಿಸಿದ್ರು ಅನ್ರಿ.

ಲೆಕ್ಕದ_ಮೇಷ್ಟ್ರು:
ಮಧ್ಯೆ 56 ವರ್ಷ. ಚುಚ್ಚಿಸಿಕೊಂಡ ಮಕ್ಕಳಲ್ಲಿ ಬದುಕಿದ್ದವರಿಗೆ ಆಗ ಅರವತ್ತರ ಸುಮಾರು ಆಗಿರಬೇಕು.

ಗೋಪಿ_ಗ್ಲಾಸ್ಗೋ:
ಹೂಂ.

ಈಗಿನ ಬದುಕು ಕೇಳಿದ್ರಿ. 1896ರಿಂದ ದ್ವೀಪ ಮೆಕ್‌ಯೂವನ್ ಅನ್ನೋ ಒಂದೇ ಮನೆತನದ್ದು, ಅವರೂ ಅಲ್ಲೇ ಇದ್ದು ಸಾಗುವಳಿ ಮಾಡ್ತಾರೆ. ಇರೋದು ಒಂದು ರಸ್ತೆ, ಪೋರ್ಟ್ ಮೋರ್‌ನಿಂದ ಗ್ಯಾಲನಾಕ್ ಹೊಲಮನೆವರೆಗೆ, ಒಂದೂವರೆ ಮೈಲಿ. ಶಾಲೆ ಇದೆ. ಚಹಾದ ಮನೆ ಒಂದಿದೆ, ಅಲ್ಲಿ ಸಸ್ಯಾಹಾರಿಯಾದ ನನಗೆ ತರಕಾರಿ ಸೂಪು, ಬಿಸಿ ಬ್ರೆಡ್ಡು ಸಿಕ್ತು. ಅಮ್ಮನ ಪ್ರಶ್ನೆಗೆ ಅದೇ ಉತ್ತರ. ಕರೆಂಟು ಇಪ್ಪತ್ನಾಲ್ಕು ತಾಸೂ ಬಂದದ್ದು 2013ರಲ್ಲಿ, ಗಾಳಿಗಿರಣಿ, ಸೌರಫಲಕ ಹಾಕಿದ ಮೇಲೆ. ಅದಕ್ಕೂ ಮುಂಚೆ ಡೀಸೆಲ್ ಜನರೇಟರು, ಹೊತ್ತು ಹೊತ್ತಿಗೆ ಮಾತ್ರ.

ಬೆಂಗ್ಳೂರ್_ಬೋಂಡ:
ಇಪ್ಪತ್ನಾಲ್ಕು ಗಂಟೆ ಕರೆಂಟಾ? ನಮ್ಮ ಏರಿಯಾ ಲೈನ್‌ಮ್ಯಾನ್‌ಗೆ ಈ ಕೊಂಡಿ ಕಳಿಸ್ತೀನಿ. ಗೋಪಿ, ದಾರಿ ತಪ್ಪಿಸ್ಕೊಳ್ಳೋ ಛಾನ್ಸ್ ಇದ್ಯಾ ಅಲ್ಲಿ?

ಗೋಪಿ_ಗ್ಲಾಸ್ಗೋ:
ಇರೋ ಒಂದೇ ರಸ್ತೇಲಿ ಹೇಗೋ ತಪ್ಪಿಸ್ಕೊಳ್ತೀಯ? ದಾರಿ ತಪ್ಪಬೇಕು ಅಂದ್ರೆ ಕ್ಯಾನಾಗೆ ಹೋಗು. ಅಲ್ಲಿ ಕಂಪಾಸ್ ಹಿಲ್ ಅಂತ ಗುಡ್ಡ ಇದೆ, ಕಲ್ಲಿನಲ್ಲಿ ಕಬ್ಬಿಣದ ಅಂಶ ಜಾಸ್ತಿಯಾಗಿ ಹತ್ತಿರ ಹೋದ ಹಡಗಿನ ದಿಕ್ಸೂಚಿ ಮುಳ್ಳೇ ತಿರುಗಿಬಿಡುತ್ತೆ. ದಿಕ್ಸೂಚಿ ಕೆಡಿಸೋ ಗುಡ್ಡಕ್ಕೆ ದಿಕ್ಸೂಚಿ ಗುಡ್ಡ ಅಂತ ಹೆಸರು.

ನಿಘಂಟು_ನಾಣಿ:
ಗೋಪಿಯವರೇ, ಒಂದು ಕುತೂಹಲ. ದ್ವೀಪದವರು ಈ ಹೆಸರಿನ ಬಗ್ಗೆ ಏನೆನ್ನುತ್ತಾರೆ? ಇಂದಿಗೂ ಮುಜುಗರವೇ?

ಗೋಪಿ_ಗ್ಲಾಸ್ಗೋ:
ಚಹಾ ಕೊಟ್ಟ ಹೆಂಗಸನ್ನ ಕೇಳಿದೆ ನಾಣಿ ಸಾರ್. ನಾನು ಕೇಳಿ ಮುಗಿಸೋ ಮೊದಲೇ ಅವರ ಮುಖದಲ್ಲಿ 'ಬಂತಪ್ಪ ಇವತ್ತಿನದು' ಅನ್ನೋ ಕಳೆ ಬಂತು. ಬಂದವರೆಲ್ಲ ಒಂದೊಂದು ಜೋಕ್ ಹೇಳ್ತಾರಂತೆ, ಪ್ರತಿಯೊಬ್ಬರೂ ತಾವೇ ಮೊದಲು ಹೇಳಿದ್ದು ಅಂದ್ಕೊಂಡಿರ್ತಾರಂತೆ. ನಾನು ಸುಮ್ಮನೆ ಸೂಪು ಕುಡಿದೆ. ಮನಸ್ಸಲ್ಲಿ ಮೂರು ಜೋಕ್ ರೆಡಿ ಇದ್ವು.

ಕೊನೇದಾಗಿ ಅಮ್ಮನ ವಿಷಯ. ನೀವೆಲ್ಲ ಹೇಳಿದ್ದು ಓದಿ ಮೊನ್ನೆ ರಾತ್ರಿ ಮತ್ತೆ ಫೋನ್ ಮಾಡಿದೆ. ಮಕ್ಕಿ ಅಂದ್ರೆ ಗದ್ದೆ ಅಂತಾಳೆ, ಹಂದಿ ದ್ವೀಪ ಅಂದ್ರೆ ಗಾಬರಿಯಾಗ್ತಾಳೆ, ಆ ಒಡೆಯ ಇಟ್ಕೊಂಡ ಮರ್ಯಾದೆ ಹೆಸರೇ ಹೇಳಿಬಿಡೋಣ ಅನ್ನಿಸ್ತು.
"ಆಯಿ, ಆವತ್ತು ಮಕ್ಕಿಗಲ್ಲ ಹೋಗಿದ್ದು. ಅದರ ಇನ್ನೊಂದು ಹೆಸರು ಮಂಕ್. ಮಂಕಿಗೆ ಹೋಗಿದ್ದಿ."
ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ನಮ್ಮ ಹೊನ್ನಾವರದ ಹತ್ತಿರ, ಅದೂ ಕಡಲ ದಂಡೆಯಲ್ಲೇ, ಮಂಕಿ ಅಂತ ಊರಿರೋದು ನನಗೆ ಆಗ ನೆನಪಾಯ್ತು.
"ಮಂಕಿಗೆ ಬಂದಿದ್ಯ? ಹೊನ್ನಾವರದವರೆಗೆ ಬಂದವಂಗೆ ಮನೆಗೆ ಬಪ್ಪಲೆ ಆಜಿಲ್ಯ?"
ಈಗ ಎರಡು ದಿನದಿಂದ ಫೋನ್ ಎತ್ತುತ್ತಿಲ್ಲ.